ಪಕಾರ ಬಿಟ್ಟು

ಪ್ರೇಮಾವತಿ ಟೀಚರಿಗೆ ಮೊದಲು ಸಿಟ್ಟು ಬಂದದ್ದು ಸುರಕ್ಷಾಳ ಮೇಲಲ್ಲ, ಆ ಹುಡುಗಿಯ ಹೆಸರಿನ ಮೇಲೆ. ಅವಳ ಅಂದಚಂದ, ಮೂಡುಬಿದಿರೆಯ ಕಾಲೇಜಿನಲ್ಲಿ ಕೆಲಸ, ಬೆಳ್ತಂಗಡಿಯಲ್ಲಿ ಅಪ್ಪನ ರಬ್ಬರ್ ತೋಟ, ಇದನ್ನೆಲ್ಲ ಹೇಗೋ ನುಂಗಿಕೊಂಡಾಳು. ಆದರೆ ಲೋಕನಾಥ ತನ್ನ ಹೋಟೆಲಿನ ಗಲ್ಲೆಯಲ್ಲಿ ಕುಳಿತು "ಸುರಕ್ಷಾ, ಇಲ್ಲಿ ಬನ್ನಿ" ಎಂದು ಬಾಯಿ ತುಂಬ ಕರೆದಾಗ, ಆ ಹೆಸರು ಎಲ್ಲೂ ತಡೆಯದೆ ಅವನ ನಾಲಗೆಯಿಂದ ಇಳಿದು ಬಂದಾಗ, ಪ್ರೇಮಾವತಿಯ ಹೊಟ್ಟೆಯೊಳಗೆ ಕೆಂಡ ಬಿತ್ತು. ಪ್ರೇಮಾವತಿಯ ಹೆಸರನ್ನು ಅವನು ಆರು ವರ್ಷದಲ್ಲಿ ಒಮ್ಮೆಯೂ ಕರೆದಿರಲಿಲ್ಲ. ಕರೆಯಲಾರ ಎನ್ನುವುದು ಗೊತ್ತಿದ್ದದ್ದು ಅವಳೊಬ್ಬಳಿಗೇ.

ಲೋಕನಾಥನನ್ನು ನೀವು ನೋಡಿಲ್ಲವಾದರೆ ಹೇಳುತ್ತೇನೆ. ಕನ್ಯಾನದವನು, ಮಸ್ಕತ್ತಿನಲ್ಲಿ ಹೋಟೆಲಿನ ಕೆಲಸ ಮಾಡುತ್ತ ಮದುವೆಯ ವಯಸ್ಸನ್ನು ಅಲ್ಲೇ ಬಿಟ್ಟು, ಊರಿಗೆ ಮರಳಿ ಮೂಡುಬಿದಿರೆಯಲ್ಲಿ ಸ್ವಂತ ಹೋಟೆಲು ಹಾಕಿದವನು. ಹೋಟೆಲು ಹೊಟ್ಟೆಪಾಡಿಗೆ, ಅವನ ಜೀವ ಇದ್ದದ್ದು ತಾಳಮದ್ದಲೆಯಲ್ಲಿ. ತಾಳಮದ್ದಲೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಹಾಡುತ್ತಾರೆ, ಕುರ್ಚಿಯಲ್ಲಿ ಕುಳಿತವರು ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಮಾತಾಡುತ್ತಾರೆ. ಆ ಮಾತಿಗೆ ಅರ್ಥ ಎಂದು ಹೆಸರು. ಅರ್ಥವನ್ನು ಯಾರೂ ಬರೆದುಕೊಡುವುದಿಲ್ಲ, ಅದು ಅಲ್ಲೇ ಹುಟ್ಟಬೇಕು. ಎದುರಿನವರು ಕೇಳಿದ್ದಕ್ಕೆ ಉತ್ತರ ಕೊಡದೆ ಏಳುವ ಹಾಗಿಲ್ಲ. ಕೂಟ ಮುಗಿದ ಮೇಲೆ ಹಾಗೆ ಯಾಕೆ ಕೇಳಿದೆ ಎಂದು ಜಗಳಕ್ಕೆ ಹೋಗುವ ಹಾಗೂ ಇಲ್ಲ.

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಸುತ್ತಿನಲ್ಲಿ ಲೋಕನಾಥನ ಅರ್ಥಕ್ಕೆ ಜನ ಮುಗಿಬೀಳುತ್ತಿದ್ದರು. ಎಂತಹ ಶಬ್ದಭಂಡಾರ, ಒಮ್ಮೆ ಬಂದ ಶಬ್ದ ಮತ್ತೊಮ್ಮೆ ಬರುವುದಿಲ್ಲ ಎಂದು ಹೊಗಳುತ್ತಿದ್ದರು. ವಾಮದಪದವಿನ ಹೈಸ್ಕೂಲಿನಲ್ಲಿ ಕನ್ನಡ ಕಲಿಸುವ, ರಜೆಯ ದಿನ ಅದೇ ಕೂಟಗಳಲ್ಲಿ ಅರ್ಥ ಹೇಳುವ ಪ್ರೇಮಾವತಿ ಮಾತ್ರ ಕಿವಿ ಕೊಟ್ಟು ಕೇಳಿದಳು. ಅವನು ಪಿತ ಎನ್ನುವುದಿಲ್ಲ, ಜನಕ ಎನ್ನುತ್ತಾನೆ. ಪತ್ನಿ ಎನ್ನುವುದಿಲ್ಲ, ಮಡದಿ ಎನ್ನುತ್ತಾನೆ. ಪ್ರೀತಿ ಅವನಿಗೆ ಒಲವು, ಪರ್ವತ ಗಿರಿ. ಇಡೀ ಮಧ್ಯಾಹ್ನದ ಅರ್ಥದಲ್ಲಿ ಪಕಾರದಿಂದ ಶುರುವಾಗುವ ಒಂದೇ ಒಂದು ಶಬ್ದವಿಲ್ಲ.

ಕೂಟಗಳಿಂದ ಮರಳುವಾಗ ಅವಳನ್ನು ಕಾರಿನಲ್ಲಿ ಮನೆಗೆ ಬಿಟ್ಟು ಮುಂದೆ ಹೋಗುವುದು ಅವನ ವಾಡಿಕೆಯಾಗಿತ್ತು. ಒಂದು ಸಂಜೆ ಅವಳು ಕೇಳಿಯೇಬಿಟ್ಟಳು. "ನೀವು ಪಕಾರ ಯಾಕೆ ಬಿಡ್ತೀರಿ?"

ಅವನು ಕಾರನ್ನು ರಸ್ತೆಯ ಬದಿಗೆ ನಿಲ್ಲಿಸಿದ. ಆಮೇಲೆ ಹೇಳಿದ: ಎಂಟನೆಯ ಕ್ಲಾಸಿನಲ್ಲಿ ಮೇಷ್ಟ್ರು ಎಬ್ಬಿಸಿ ನಿಲ್ಲಿಸಿ ಪ್ರಜಾಪ್ರಭುತ್ವ ಎಂದರೇನು ಎಂದು ಕೇಳಿದ್ದು, ತುಟಿ ಅಂಟಿಕೊಂಡು ಪ ಪ ಪ ಎಂಬಲ್ಲಿಂದ ಮುಂದೆ ಹೋಗದ್ದು, ಹಿಂದಿನ ಬೆಂಚಿನವರು ಪಂಪ್‌ಸೆಟ್ಟು ಚಾಲೂ ಆಯಿತು ಎಂದು ನಕ್ಕದ್ದು, ಕನ್ಯಾನದಲ್ಲಿ ಇವತ್ತಿಗೂ ಅವನಿಗೆ ಪಂಪ್‌ಸೆಟ್ಟು ಎಂಬ ಅಡ್ಡಹೆಸರಿರುವುದು. ಇಷ್ಟನ್ನೂ ಅವನು ಆ ಅಕ್ಷರ ಎತ್ತದೆಯೇ ಹೇಳಿದ. ಪಂಪ್‌ಸೆಟ್ಟಿಗೆ 'ನೀರೆತ್ತುವ ಮಿಶನ್ನು' ಎಂದ. ಅದು ಕೇಳಿ ಪ್ರೇಮಾವತಿಗೆ ನಗುವೂ ಬಂತು, ಕಣ್ಣಲ್ಲಿ ನೀರೂ ಬಂತು.

"ಹಾಗಾದರೆ ನನ್ನ ಹೆಸರು?"

"ಅದಕ್ಕೇ ಟೀಚರ್ ಅನ್ನುವುದು. ಒಂದು ದಿನ ಹೇಳ್ತೇನೆ, ಸರಿಯಾಗಿ ಹೇಳ್ತೇನೆ," ಎಂದ ಅವನು.

ಹೆಂಗಸು ಅಂಟಿಕೊಳ್ಳಲು ಇಷ್ಟು ಸಾಕಲ್ಲವೇ? ಅವಳು ಅಂಟಿಕೊಂಡಳು. ಅಲ್ಲಿಂದ ಮೇಲೆ ಕಾರಿನಲ್ಲಿ ಅವರ ಕೆಲಸವೇ ಅದು: ಅವಳು ಅವನಿಗೆ ಬದಲಿ ಶಬ್ದ ಹುಡುಕಿಕೊಡುವುದು. ಬೆಳ್ತಂಗಡಿಯ ದಾರಿಯ ಪುಂಜಾಲಕಟ್ಟೆಯಿಂದ ಅವನು ಅವಳಿಗೆ ಫೋನು ಮಾಡಿ, "ವಾಮದಪದವಿಗೆ ತಿರುಗುವಲ್ಲಿ ನಿಂತಿದ್ದೇನೆ ಟೀಚರ್" ಎನ್ನುತ್ತಿದ್ದ. ಊರೆಲ್ಲ ಪುಂಜಾಲಕಟ್ಟೆ ಎನ್ನುವ ಜಾಗಕ್ಕೆ ಹಾಗೆ ಹೇಳುವವನು ಅವನೊಬ್ಬ, ಯಾಕೆ ಎಂದು ಬಲ್ಲವಳು ಅವಳೊಬ್ಬಳು. ಬೇರೆ ಹೆಂಗಸರು ಬೆಳ್ಳಿ ಒಡವೆ ಒರೆಸಿಡುವ ಹಾಗೆ ಆ ಮಾತನ್ನು ಅವಳು ಒಳಗೆ ಜೋಪಾನ ಮಾಡಿದಳು.

ಅವರಿಬ್ಬರಿಗೂ ಹೆಸರು ತಂದ ಪ್ರಸಂಗದಲ್ಲಿ ಇರುವುದು ದುಃಖದ ಕತೆ. ರಾಜಕುಮಾರಿ ಮದಲೇಖೆಗೆ ಸೇನಾಪತಿ ಜಯಕೇತುವಿನ ಮೇಲೆ ಮನಸ್ಸು. ಅವನು ಒಲಿದದ್ದು ಸೆರೆಯಾಳಾಗಿ ಬಂದ ಪದ್ಮಗಂಧಿಗೆ. ಹೊಟ್ಟೆಕಿಚ್ಚಿಗೆ ಮದಲೇಖೆ ಗುಟ್ಟನ್ನು ತಂದೆಗೆ ಹೇಳಿಬಿಡುತ್ತಾಳೆ, ತುಂಬಿದ ಸಭೆಯಲ್ಲಿ ಅವನನ್ನು ನಿಲ್ಲಿಸಿ, ನೀನು ಒಲಿದವಳು ಯಾರು ಎಂದು ಕೇಳುತ್ತಾಳೆ. ಸೆರೆಯಾಳಿಗೆ ಒಲಿಯುವುದು ರಾಜದ್ರೋಹ, ಹೆಸರು ಹೇಳಿದರೆ ಇಬ್ಬರಿಗೂ ಮರಣ. ಲೋಕನಾಥ ಜಯಕೇತು, ಪ್ರೇಮಾವತಿ ಪದ್ಮಗಂಧಿ. ಪದ್ಮಗಂಧಿ ಎನ್ನಲಾರದವನಿಗೆ ಅವಳು 'ತಾವರೆಗಂಪಿನವಳೇ' ಎಂಬ ಶಬ್ದ ಕಟ್ಟಿಕೊಟ್ಟಿದ್ದಳು. ಹೆಸರು ಹೇಳುವ ಗಳಿಗೆ ಬಂದಾಗ ಅವನಿಗಿಂತ ಮೊದಲು ತಾನೇ ಎದ್ದು, "ನಾನೇ ಆ ಪದ್ಮಗಂಧಿ, ಅವನ ಬಾಯಿಂದ ಯಾಕೆ, ನನ್ನ ಬಾಯಿಂದಲೇ ಕೇಳು" ಎನ್ನುತ್ತಿದ್ದಳು. ಜನ ಚಪ್ಪಾಳೆ ಹೊಡೆಯುತ್ತಿದ್ದರು. ಅದು ಅವನನ್ನು ಪಾರುಮಾಡುವ ಉಪಾಯ ಎಂದು ಒಬ್ಬನಿಗೂ ಹೊಳೆಯಲಿಲ್ಲ.

ಪಾರುಮಾಡುವ ನೆವದಲ್ಲಿ ಅವಳು ತನ್ನದನ್ನೂ ಹೇಳಿಕೊಳ್ಳುತ್ತಿದ್ದಳು. ಮನೆಯಲ್ಲಿ, ಶಾಲೆಯಲ್ಲಿ, ಕಾರಿನಲ್ಲಿ ಹೇಳಲಾಗದ್ದನ್ನೆಲ್ಲ ಮೈಕಿನ ಮುಂದೆ ನೂರಾರು ಜನರ ಎದುರು ಅವನ ಮುಖ ನೋಡಿಯೇ ಹೇಳುತ್ತಿದ್ದಳು, ನಿನ್ನ ಹೊರತು ನನಗೆ ದಿಕ್ಕಿಲ್ಲ ಎಂದು. ಅವನು ಅದಕ್ಕಿಂತ ಚಂದವಾಗಿ ಉತ್ತರ ಕೊಡುತ್ತಿದ್ದ. ಅದು ಜಯಕೇತುವಿನ ಉತ್ತರವೇ ಇರಬಹುದು. ಅವಳು ಮಾತ್ರ ಅದನ್ನು ಮನೆಗೆ ತಂದು ಲೋಕನಾಥನದ್ದೆಂದು ಇಟ್ಟುಕೊಂಡಳು. ತಪ್ಪು ಯಾರದ್ದೆಂದು ನಾನು ಹೇಳಲಾರೆ, ಆದರೆ ಬಡಪಾಯಿಗೆ ಬೇರೆ ಏನಿತ್ತು?

ಹೀಗಿರುವಾಗ ಸುರಕ್ಷಾ ಕೂಟಗಳಿಗೆ ಬಂದಳು. ಒಳ್ಳೆ ಕಂಠ, ಚುರುಕು ಬುದ್ಧಿ. ಕಳೆದ ದೀಪಾವಳಿ ಮುಗಿದು ಒಂದು ದಿನ ಕಾರಿನಲ್ಲಿ ಲೋಕನಾಥ ಗಂಟಲು ಸರಿಮಾಡಿಕೊಂಡ.

"ಟೀಚರ್, ನಿಮಗೊಬ್ಬರಿಗೇ ಹೇಳುವುದು. ಸುರಕ್ಷಾಳನ್ನು ಮದುವೆ ಆಗಬೇಕೂಂತ ಉಂಟು. ಅವಳಿಗೂ ಮನಸ್ಸುಂಟು."

ಪ್ರೇಮಾವತಿ ಕಿಟಕಿಯ ಹೊರಗೆ ನೋಡಿದಳು. ಏನೋ ಒಂದು ಹೇಳಬೇಕಿತ್ತು. "ಅವಳ ತಂದೆ ಒಪ್ತಾರಾ?" ಎಂದಳು.

"ರುಕ್ಮಯ್ಯನವರಿಗೆ ನನ್ನ ವಯಸ್ಸು ಮನಸ್ಸಿಗೆ ಬಂದಿಲ್ಲ. ಆದರೆ ಮಾತು ಬಲ್ಲವನನ್ನು ಕಂಡರೆ ಅವರಿಗೆ ಜೀವ. ಬರುವ ಆದಿತ್ಯವಾರ ಬೆಳ್ತಂಗಡಿಯಲ್ಲಿ ಅವರದ್ದೇ ಖರ್ಚಿನಲ್ಲಿ ಕೂಟ ಇಟ್ಟಿದ್ದಾರೆ. ನಮ್ಮದೇ ಕತೆ. ರಾಜನ ಅರ್ಥ ಅವರದ್ದು. ಅವತ್ತು ನನ್ನ ಮಾತು ಕೇಳಿ ಹೌದು ಅಂತಲೋ ಅಲ್ಲ ಅಂತಲೋ ಹೇಳುವುದಂತೆ." ಗೇರು ಬದಲಿಸಿ ಮುಂದುವರಿಸಿದ. "ನಾಯಕಿ ಸುರಕ್ಷಾ ಆಗಲಿ. ನೀವು ಮದಲೇಖೆ ಆಗಬೇಕು ಟೀಚರ್. ಎದುರಿನ ಕುರ್ಚಿಯಲ್ಲಿ ನೀವಿದ್ದರೆ ನನಗೆ ಧೈರ್ಯ."

"ಅವಳಿಗೆ ನಿಮ್ಮ ಪಕಾರದ ಸಂಗತಿ ಗೊತ್ತುಂಟಾ?"

"ಇಲ್ಲ. ನಾಚಿಕೆ ಆಗ್ತದೆ. ಮದುವೆ ಆಗಿ ಹೇಳುವ ಅಂತ."

"ಹೆಸರು ಹೇಳುವಲ್ಲಿ ಎಂತ ಮಾಡ್ತೀರಿ?"

"ನೀವೇ ಹೆಸರೆತ್ತಿ ಕೇಳಿ. 'ಇವಳಿಗೋ ನೀನು ಒಲಿದದ್ದು' ಅಂತ ಹೆಸರು ಹಿಡಿದೇ ಕೇಳಿ. ನಾನು ಹೌದು ಅಂತೇನೆ. ಅಷ್ಟೇ ಅಲ್ವಾ?"

ಅಷ್ಟೇ. ಅವಳು ಆಗಲಿ ಎಂದಳು. ಬೇರೆ ಏನು ಹೇಳುವುದು, ನೀವೇ ಹೇಳಿ. ಮನೆಗೆ ಬಂದು ಬಾಗಿಲು ಹಾಕಿಕೊಂಡು ಬಿಕ್ಕಿಬಿಕ್ಕಿ ಅತ್ತಳು.

ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಅವಳು ನೇರ ಮೂಡುಬಿದಿರೆಯ ಬಸ್ಸು ಹತ್ತಿದಳು. ಇವತ್ತು ಹೇಳದಿದ್ದರೆ ಇನ್ನು ಹೇಳುವುದೇ ಬೇಡ ಎಂದು ನಿರ್ಧಾರ ಮಾಡಿದ್ದಳು. ಹೋಟೆಲಿಗೆ ಹೋದರೆ ಸುರಕ್ಷಾ ಅಲ್ಲೇ ಕುಳಿತು ಪುಂಡಿ ತಿನ್ನುತ್ತಿದ್ದಾಳೆ. ಲೋಕನಾಥ ಗಲ್ಲೆಯಿಂದ ಅವಳ ಹೆಸರು ಹಿಡಿದು ಕರೆದದ್ದು ಆಗಲೇ. ಮೊದಲಿಗೆ ಹೇಳಿದೆನಲ್ಲ, ಕೆಂಡ ಬಿದ್ದದ್ದು.

"ಟೀಚರ್, ನೋಡಿ," ಎಂದು ಸುರಕ್ಷಾ ಪಕ್ಕದ ಕುರ್ಚಿ ಎಳೆದು ಕೂರಿಸಿದಳು. "ಇವರು ಪುಂಡಿಗೆ ಅಕ್ಕಿ ಉಂಡೆ ಅಂತಾರೆ. ಎಂತ ಗತ್ತು ಇವರದ್ದು. ನಮ್ಮ ಹಾಗೆ ಪುಂಡಿ ಅಂದರೆ ಮರ್ಯಾದೆ ಹೋಗ್ತದಂತೆ."

ಪ್ರೇಮಾವತಿಗೆ ಒಂದು ಕ್ಷಣ ಹೆಮ್ಮೆಯೇ ಆಯಿತು. ಇವಳಿಗೆ ಏನೂ ಗೊತ್ತಿಲ್ಲ.

"ಮತ್ತೆ ಟೀಚರ್, ಹೆಸರು ಹೇಳುವಲ್ಲಿ ನೀವು ಎದ್ದು ನಿಲ್ತೀರಲ್ಲ, ಅದನ್ನು ನಾನು ಮಾಡುವುದಿಲ್ಲ. ಅದು ನಿಮ್ಮದು. ಕದಿಯಲಿಕ್ಕೆ ಮನಸ್ಸಿಲ್ಲ."

ಗಂಡನ್ನು ಕದ್ದವಳಿಗೆ ಮಾತು ಕದಿಯಲು ಮನಸ್ಸಿಲ್ಲವಂತೆ. ಆದರೆ ಆ ಹುಡುಗಿ ಅದನ್ನು ಕಪಟವಿಲ್ಲದೆ, ಗೌರವದಿಂದಲೇ ಹೇಳಿದಳು. ಅದಕ್ಕೇ ಪ್ರೇಮಾವತಿಗೆ ಇನ್ನಷ್ಟು ಉರಿಯಿತು. ಕೆಟ್ಟವಳಾಗಿದ್ದರೆ ದ್ವೇಷಿಸುವುದು ಎಷ್ಟು ಸುಲಭವಿತ್ತು.

ಲೋಕನಾಥನನ್ನು ಅವಳು ಹೋಟೆಲಿನ ಹಿಂದಕ್ಕೆ, ಪಾತ್ರೆ ತೊಳೆಯುವಲ್ಲಿಗೆ ಕರೆದಳು.

"ಆರು ವರ್ಷ ಪದ್ಮಗಂಧಿಯಾಗಿ ನಾನು ನಿಮಗೆ ಹೇಳಿದ್ದೆಲ್ಲ ಎಂತ ಅಂತ ತಿಳಿದಿರಿ?"

"ಅರ್ಥ ಅಲ್ವಾ ಟೀಚರ್? ಮತ್ತೆಂತ?"

ಅವಳು ಅವನ ಮುಖ ನೋಡುತ್ತ ನಿಂತಳು. ನಿಧಾನವಾಗಿ ಅವನಿಗೆ ಗೊತ್ತಾಯಿತು. ಗೊತ್ತಾದದ್ದು ಅವನ ಕಣ್ಣಲ್ಲಿ ಕಾಣಿಸಿತು. ಅವನು ಕೆಟ್ಟ ಮನುಷ್ಯನಲ್ಲ. ಹೆಗಲಿನ ಟವಲಿನಿಂದ ಮುಖ ಒರೆಸಿಕೊಂಡು ತಗ್ಗಿದ ದನಿಯಲ್ಲಿ ಹೇಳಿದ, "ಅದು ಕೂಟ, ಟೀಚರ್. ಮಂಗಳ ಹಾಡಿದ ಮೇಲೆ ನಾನು ಜಯಕೇತು ಅಲ್ಲ."

"ನನ್ನ ಹೆಸರು ಹೇಳ್ತೇನೆ ಅಂದಿದ್ದಿರಿ."

"ಹೇಳ್ತೇನೆ. ಒಂದು ದಿನ."

"ಈಗ ಹೇಳಿ."

ಒಳಗಿನಿಂದ ಯಾರೋ ಬಿಲ್ಲು ಕೇಳಿದರು, ಅವನು ಹೋದ. ಅವಳು ಅಲ್ಲಿ ನೆನೆಹಾಕಿದ ತಟ್ಟೆಗಳ ಮುಂದೆ ಇನ್ನೂ ಸ್ವಲ್ಪ ಹೊತ್ತು ನಿಂತಿದ್ದಳು.

ಆದಿತ್ಯವಾರ ಮಧ್ಯಾಹ್ನ ಊಟವಾದ ಮೇಲೆ ಬೆಳ್ತಂಗಡಿಯ ಆ ಹಾಲ್ ಭರ್ತಿಯಾಗಿತ್ತು. ರುಕ್ಮಯ್ಯನವರು ಇಸ್ತ್ರಿ ಮಾಡಿದ ಜುಬ್ಬಾ ಹಾಕಿ ರಾಜನ ಕುರ್ಚಿಯಲ್ಲಿ ಕುಳಿತರು. ಅವರ ಬಲಕ್ಕೆ ಮಗಳು ಮದಲೇಖೆ, ಅಂದರೆ ಪ್ರೇಮಾವತಿ. ಎದುರಿಗೆ ಲೋಕನಾಥ, ಅವನ ಪಕ್ಕದಲ್ಲಿ ಸುರಕ್ಷಾ. ಕುರ್ಚಿಯಲ್ಲಿ ಕೂರುವಾಗ ಪ್ರೇಮಾವತಿಯ ಮನಸ್ಸಿನಲ್ಲಿ ಮೋಸ ಇರಲಿಲ್ಲ, ಇದನ್ನು ನೀವು ನಂಬಬೇಕು. ಹೆಸರೆತ್ತಿ ಕೇಳುತ್ತೇನೆ, ಅವನು ಹೌದು ಎನ್ನುತ್ತಾನೆ, ಅಲ್ಲಿಗೆ ನನ್ನ ಕತೆ ಮುಗಿಯಿತು ಎಂದೇ ಇದ್ದಳು.

ಲೋಕನಾಥ ಅವತ್ತು ಮಾತಾಡಿದ ಹಾಗೆ ಎಂದೂ ಮಾತಾಡಿರಲಿಲ್ಲ. ರುಕ್ಮಯ್ಯನವರು ರಾಜನ ಗಾಂಭೀರ್ಯ ಮರೆತು ತಲೆದೂಗಿದರು. ಪ್ರೇಮಾವತಿ ತಡೆದುಕೊಂಡೇ ಇದ್ದಳು. ಅಷ್ಟರಲ್ಲಿ ಅವನು ಸುರಕ್ಷಾಳ ಕಡೆ ತಿರುಗಿ, ಇಷ್ಟು ವರ್ಷ ಪ್ರೇಮಾವತಿಗೆ ಹೇಳಿದ ಅದೇ ದನಿಯಲ್ಲಿ, "ತಾವರೆಗಂಪಿನವಳೇ" ಎಂದ.

ಅವಳದ್ದೇ ಶಬ್ದ. ಸಿದ್ಧಕಟ್ಟೆಯ ತಿರುವಿನಲ್ಲಿ, ಮಳೆಗೆ ವೈಪರ್ ಕೆಟ್ಟು ಕಾರು ನಿಂತಿದ್ದಾಗ, ಇವನೊಬ್ಬನಿಗಾಗಿ ಅವಳು ಕಟ್ಟಿದ ಶಬ್ದ. ಅದನ್ನು ತೆಗೆದು ಅವಳ ಕಣ್ಣೆದುರೇ ಇನ್ನೊಬ್ಬಳಿಗೆ ಕೊಟ್ಟುಬಿಟ್ಟ. ಕೊಡುವಾಗ ಅವನಿಗೆ ಅದು ಎಲ್ಲಿಂದ ಬಂತೆಂಬ ನೆನಪೂ ಇದ್ದಂತಿರಲಿಲ್ಲ.

ದಯಾನಂದ ಭಾಗವತರು ಮದಲೇಖೆಯ ಪದ್ಯ ಎತ್ತಿಕೊಂಡರು. "ಯಾರಿಗೊಲಿದೆಯೊ ಧೀರ, ಸಾರು ಸಭೆಯೊಳಗಿಂದು" ಎಂದು ಎರಡು ಸಲ ಹಾಡಿ ತಾಳ ನಿಲ್ಲಿಸಿದರು. ಈಗ ಪ್ರೇಮಾವತಿಯ ಸರದಿ. ಲೋಕನಾಥ ನಿಶ್ಚಿಂತೆಯಿಂದ ಅವಳನ್ನೇ ನೋಡುತ್ತಿದ್ದ.

"ಸೇನಾಪತಿ," ಎಂದಳು ಅವಳು. "ನೀನು ಒಲಿದವಳ ಹೆಸರು ಹೇಳು."

ಅವನ ಹುಬ್ಬು ಸ್ವಲ್ಪ ಮೇಲೇರಿತು. ಮರೆತಳೋ ಎಂದುಕೊಂಡಿರಬೇಕು. ನಕ್ಕು ಕೈ ತೋರಿಸಿದ. "ಇಲ್ಲೇ ಇದ್ದಾಳಲ್ಲ, ಈ ತಾವರೆಗಂಪಿನವಳು."

"ತಾವರೆಗಂಪು ಹೂವಿನ ವಾಸನೆ, ಅದು ಹೆಣ್ಣಿನ ಹೆಸರಲ್ಲ. ಬೆರಳು ತೋರಿಸಿದರೆ ರಾಜಸಭೆಯಲ್ಲಿ ಅದು ಸಾಕ್ಷಿಯೂ ಅಲ್ಲ. ಹೆಸರು ಹೇಳು."

"ರಾಜಕುಮಾರಿ, ಒಲಿದವಳನ್ನು ಹೆಸರು ಹಿಡಿದು ಕರೆಯುವುದು ಅಗೌರವ ಅಂತ ಹಿರಿಯರು ಹೇಳ್ತಾರೆ."

"ಹಾಗೋ? ಇಷ್ಟು ಹೊತ್ತು ನನ್ನನ್ನು ಮದಲೇಖೆ, ಮದಲೇಖೆ ಎಂದು ಕರೆದೆಯಲ್ಲ. ನನ್ನ ಮೇಲೆ ನಿನಗೆ ಗೌರವ ಇರಲಿಲ್ಲವೋ, ಒಲವು ಇರಲಿಲ್ಲವೋ?"

ಸಭೆ ಆಹಾ ಎಂದಿತು. ಟೀಚರ ಮಾತು ಇವತ್ತು ಹರಿತ ಉಂಟು ಎಂದು ಯಾರೋ ಮೆಚ್ಚಿದರು. ರುಕ್ಮಯ್ಯನವರಿಗೂ ರಂಗೇರಿತು. ಅವರು ರಾಜನಾಗಿ ಗದರಿದರು, "ಹೇಳು ಜಯಕೇತು. ಹೆಸರು ಹೇಳದವನು ಒಲಿದದ್ದು ಸುಳ್ಳು ಎಂದು ನಾನು ತೀರ್ಪು ಕೊಡಬೇಕಾಗ್ತದೆ."

ಆಗ ಲೋಕನಾಥನಿಗೆ ತಿಳಿಯಿತು. ಇದು ಮರೆವಲ್ಲ. ಅವನ ಮುಖದ ನೆತ್ತರು ಇಳಿದುಹೋಯಿತು.

ಪ್ರೇಮಾವತಿಯ ನಾಲಗೆಯ ತುದಿಯಲ್ಲಿ ಮಾತು ಸಿದ್ಧವಾಗಿತ್ತು. 'ಸಾಕು, ನಿನ್ನ ಮೌನವೇ ಹೇಳಿತು, ಪದ್ಮಗಂಧಿಯಲ್ಲವೇ' ಎಂದರೆ ಅವನು ಪಾರು. ಅವನು ಒಮ್ಮೆ ತನ್ನ ಕಡೆ ನೋಡಿದರೆ ಸಾಕಿತ್ತು, ಕೂಡಲೇ ಕೊಡುತ್ತಿದ್ದಳು. ತನ್ನ ಹೊರತು ಅವನಿಗೆ ದಿಕ್ಕಿಲ್ಲ ಎಂದು ಅವನ ಕಣ್ಣು ಒಮ್ಮೆ ಹೇಳಲಿ. ಆರು ವರ್ಷಕ್ಕೆ ಅಷ್ಟು ಸಾಲದೇ? ನೋಡು, ನೋಡು ಎಂದು ಅವಳು ಒಳಗೊಳಗೇ ಬೇಡಿಕೊಂಡಳು.

ಅವನು ನೋಡಲಿಲ್ಲ. ಅವನ ತುಟಿ ಬಿಗಿಯಿತು. ಕುತ್ತಿಗೆಯ ನರ ಎದ್ದಿತು. ಮೈಕಿನಲ್ಲಿ ಸದ್ದು ಬಂತು.

"ಪ... ಪ... ಪ... ಪ..."

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಇನ್ನೊಬ್ಬ ಮೊಬೈಲು ಎತ್ತಿ ಹಿಡಿದ. ಹಣೆಯ ಬೆವರು ಅವನ ಕಣ್ಣಿಗೆ ಇಳಿಯುತ್ತಿತ್ತು, ಒರೆಸಿಕೊಳ್ಳುವುದೂ ಅವನಿಗೆ ನೆನಪಾಗಲಿಲ್ಲ. ಎಂಟನೆಯ ಕ್ಲಾಸಿನ ಆ ಹುಡುಗನನ್ನು ತಾನೇ ಎಬ್ಬಿಸಿ ನಿಲ್ಲಿಸಿದ್ದೇನೆ ಎಂದು ಪ್ರೇಮಾವತಿಗೆ ಗೊತ್ತಾಯಿತು. ಸಾಕು ಎನ್ನಲು ಬಾಯಿ ತೆರೆದಳು. ಅಷ್ಟರಲ್ಲಿ ಅವನು ಸುರಕ್ಷಾಳ ಕಡೆ ತಿರುಗಿದ.

ಸುರಕ್ಷಾ ಮೊದಲು ಕಂಗಾಲಾಗಿದ್ದಳು. ಆಮೇಲೆ ಅವಳಿಗೆ ಅಕ್ಕಿ ಉಂಡೆ ನೆನಪಾಯಿತೋ ಏನೋ, ಮುಖ ಬದಲಾಯಿತು. ಅವಳು ಅವನಿಗೆ ಹೆಸರನ್ನು ತುಂಬಿಸಿಕೊಡಲಿಲ್ಲ, ಎದ್ದು ನಿಲ್ಲಲಿಲ್ಲ. ಮೈಕಿನಿಂದ ದೂರ ಬಾಗಿ, "ನಿಧಾನ. ನಾನು ಇಲ್ಲೇ ಇದ್ದೇನೆ," ಎಂದಳು. ಅವನ ಕುರ್ಚಿಯ ಕೈಯ ಮೇಲೆ ತನ್ನ ಕೈ ಇಟ್ಟು ಕಾದಳು. ಸಭೆಯೂ ಕಾಯಬೇಕಾಯಿತು.

"ಪ... ಪದ್... ಪದ್ಮ... ಪದ್ಮಗಂಧಿ," ಎಂದ ಲೋಕನಾಥ. ಉಸಿರು ಎಳೆದುಕೊಂಡು ಇನ್ನೊಮ್ಮೆ, "ಪ... ಪದ್ಮಗಂಧಿ. ಇವಳ ಹೆಸರು."

ಸುರಕ್ಷಾ ಮೈಕು ಹತ್ತಿರ ಎಳೆದುಕೊಂಡಳು. "ಮಹಾರಾಜ," ಎಂದಳು, "ಸುಲಭದಲ್ಲಿ ಕರೆಯುವವರು ಊರು ತುಂಬ ಇದ್ದಾರೆ. ಇಷ್ಟು ಕಷ್ಟಪಟ್ಟು ನನ್ನ ಹೆಸರನ್ನು ಯಾರೂ ಕರೆದಿರಲಿಲ್ಲ. ಇನ್ನು ನನಗೆ ಮರಣವಾದರೂ ಆಗಲಿ."

ಚಪ್ಪಾಳೆ ನಿಲ್ಲಲು ಬಹಳ ಹೊತ್ತು ಹಿಡಿಯಿತು. ರುಕ್ಮಯ್ಯನವರು ಕನ್ನಡಕ ತೆಗೆದು ಜುಬ್ಬಾದ ಅಂಚಿನಿಂದ ಒರೆಸುತ್ತಿದ್ದರು. ಭಾಗವತರು ಮದಲೇಖೆಯ ಕೊನೆಯ ಪದ್ಯ ಹಾಡಿದರು. ಇಲ್ಲಿ ಮದಲೇಖೆ ಪ್ರೇಮಿಗಳ ಮರಣ ಬೇಡಬೇಕು, ಬೇಡಿ ಪಶ್ಚಾತ್ತಾಪದಿಂದ ಅಳಬೇಕು. ಒಳ್ಳೆಯವರು ಅರ್ಧ ಗಂಟೆ ಎಳೆಯುವ ಜಾಗ. ಪ್ರೇಮಾವತಿ "ಕೊಲ್ಲಿ" ಎಂದಳು. ಮುಂದೆ ಮಾತು ಬರಲಿಲ್ಲ. ಭಾಗವತರು ಪದ್ಯ ಇನ್ನೊಮ್ಮೆ ಹಾಡಿ ಕಾದರು, ಮತ್ತೆ ಅವಳ ಮುಖ ನೋಡಿ ಮಂಗಳಕ್ಕೆ ಇಳಿದರು.

ಹೊರಗೆ ಚಾ, ಗೋಳಿಬಜೆ. ರುಕ್ಮಯ್ಯನವರು ಸಿಕ್ಕಿದವರಿಗೆಲ್ಲ ಹೇಳುತ್ತಿದ್ದರು, "ಅದು ಅಭಿನಯವೋ ನಿಜವೋ, ನನಗೆ ಗೊತ್ತಾಗುವುದು ಬೇಡ ಮಾರಾಯ. ನನ್ನ ಮಗಳನ್ನು ಹಾಗೆ ಕರೆಯುವವನು ಇನ್ನೊಬ್ಬ ಸಿಕ್ಕಬೇಕಲ್ಲ." ಜನ ನಗುತ್ತಿದ್ದರು. ಪ್ರೇಮಾವತಿ ಬ್ಯಾಗು ಹಿಡಿದು ಮೆಟ್ಟಿಲಿನ ಬದಿಯಲ್ಲಿ ನಿಂತಿದ್ದಳು.

ಲೋಕನಾಥ ಅವಳ ಹತ್ತಿರ ಬಂದ. ಅಂಗಿ ಇನ್ನೂ ಒದ್ದೆಯಾಗಿತ್ತು.

"ನೀವು ನನ್ನ ಕಡೆ ನೋಡಿದ್ದರೆ ಕೊಡ್ತಿದ್ದೆ," ಎಂದಳು ಅವಳು. "ದೇವರಾಣೆ, ಒಮ್ಮೆ ನೋಡಿದ್ದರೆ ಹೆಸರು ಕೊಡ್ತಿದ್ದೆ. ನಾಲಗೆಯಲ್ಲೇ ಇತ್ತು."

ಅವನು ಬೈಯುತ್ತಾನೆಂದು ಕಾದಳು. ಬೈದಿದ್ದರೆ ಬದುಕಿಕೊಳ್ಳುತ್ತಿದ್ದಳು. ಅವನು ಬೈಯಲಿಲ್ಲ. ಅವನ ತುಟಿ ಮತ್ತೆ ಬಿಗಿಯಿತು, ನರ ಎದ್ದಿತು. ಅವಳಿಗೆ ಅರ್ಥವಾಯಿತು, ಬೇಡ ಎಂದು ಕೈ ಎತ್ತಿದಳು.

"ಪ... ಪ... ಪ್ರೇ..." ಅವನು ಕಣ್ಣು ಮುಚ್ಚಿ ತೆರೆದ. "ಪ್ರೇಮಾವತಿ."

ಸರಿಯಾಗಿಯೇ ಹೇಳಿದ. ಒಂದಕ್ಷರ ಕೆಡಲಿಲ್ಲ.

"ಒಂದು ದಿನ ಹೇಳ್ತೇನೆ ಅಂದಿದ್ದೆ," ಎಂದ ಅವನು. "ಆಯ್ತು. ಇನ್ನು ನೀವು ಬಸ್ಸಿಗೆ ಹೋಗಿ."

ಅವನು ತಿರುಗಿ ಸುರಕ್ಷಾ ನಿಂತಿದ್ದಲ್ಲಿಗೆ ನಡೆದ. ಪ್ರೇಮಾವತಿ ಬಸ್‌ಸ್ಟ್ಯಾಂಡಿಗೆ ಹೇಗೆ ಬಂದಳೋ ಅವಳಿಗೇ ಗೊತ್ತಿಲ್ಲ. ಬಂಟ್ವಾಳದ ಬಸ್ಸಿನಲ್ಲಿ ಕಿಟಕಿಯ ಸೀಟು ಸಿಕ್ಕಿತು. ಅವನು ಬಾಗಿಲು ತೆರೆದು ಹಿಡಿಯುತ್ತಿದ್ದ ಕಾರು, ಶಬ್ದ ಹುಡುಕುತ್ತ ಕಳೆದ ಸಂಜೆಗಳು, ಮೈಕಿನ ಮುಂದೆ ಅಳುಕಿಲ್ಲದೆ ಅವನನ್ನು ನೋಡುವ ಆ ಒಂದು ಜಾಗ, ಎಲ್ಲವನ್ನೂ ತನ್ನ ಬಾಯಿಂದಲೇ ಸುಟ್ಟುಕೊಂಡಿದ್ದಳು. ಇನ್ನು ಯಾವ ಕೂಟದಲ್ಲಿ ಯಾರಿಗೆ ಹೇಳುವುದು?

"ಟಿಕೆಟ್, ಎಲ್ಲಿಗೆ?" ಎಂದ ಕಂಡಕ್ಟರ್.

ಪುಂಜಾಲಕಟ್ಟೆ ಎನ್ನಬೇಕಿತ್ತು. ಹುಟ್ಟಿದಾಗಿನಿಂದ ಹೇಳಿದ ಹೆಸರು. ಅವಳ ತುಟಿ ಒಂದಕ್ಕೊಂದು ಅಂಟಿತು, ಬಿಡಲಿಲ್ಲ. ಕಂಡಕ್ಟರ್ ಕಾದ, ಪಕ್ಕದ ಸೀಟಿನ ಹೆಂಗಸು ತಿರುಗಿ ನೋಡಿದಳು.

"ವಾಮದಪದವಿಗೆ ತಿರುಗುವಲ್ಲಿ," ಎಂದಳು ಪ್ರೇಮಾವತಿ.